ಇಳಕಲ್ ಸೀರೆ, ಖಣ, ಕಸೂತಿ: ವಿದ್ಯಾರ್ಥಿನಿಯಾಗಿ ನಾನು ಮಾಡಿದ ಫೋಟೋ ಶೂಟ್

ಧಾರವಾಡದಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದ ಕೊನೆಯ ವರ್ಷದಲ್ಲಿ ನಾನು ಐದು ಉಡುಪುಗಳ ಒಂದು ಸಂಗ್ರಹವನ್ನು ಸಿದ್ಧಪಡಿಸಿದೆ. ಮೂರನ್ನು ಇಳಕಲ್ ಸೀರೆಗಳಿಂದ, ಒಂದು ಜಾಕೆಟ್ಟನ್ನು ಗುಳೇದಗುಡ್ಡದ ಖಣವೆಂಬ ರವಿಕೆ ಬಟ್ಟೆಯಿಂದ, ಉಳಿದ ಒಂದು ಗಿಡ್ಡ ಕುರ್ತಾವನ್ನು ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯಿಂದ ಹೊಲಿದಿದ್ದೆ. ಪರೀಕ್ಷೆಯ ದಿನ ಉಡುಪುಗಳ ಜೊತೆಗೆ ಹತ್ತು ಛಾಯಾಚಿತ್ರಗಳನ್ನೂ ಇಡಬೇಕಾಗಿತ್ತು, ಮತ್ತು ಆ ಚಿತ್ರಗಳ ಯೋಜನೆ, ಸ್ಟೈಲಿಂಗ್, ಸ್ಥಳದ ಆಯ್ಕೆ ಎಲ್ಲವೂ ನಮ್ಮದೇ ಆಗಿರಬೇಕೆಂಬ ನಿಯಮವಿತ್ತು.

ಮೊದಲು ನಾನು ಮಾಡಿದ ಮೂಡ್ ಬೋರ್ಡಿನಲ್ಲಿ (ಶೂಟಿನ ಭಾವ ತೋರಿಸಲು ಚಿತ್ರಗಳನ್ನು ಅಂಟಿಸಿದ ಹಲಗೆ) ವಿದೇಶಿ ಪತ್ರಿಕೆಗಳ ಚಿತ್ರಗಳೇ ತುಂಬಿದ್ದವು. ನಮ್ಮ ಮೇಡಂ ಅದನ್ನು ನೋಡಿ, "ಇದರಲ್ಲಿ ನಿನ್ನ ಬಟ್ಟೆಯ ಯಾವ ಗುಣ ಕಾಣಿಸುತ್ತದೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಆ ಬೋರ್ಡನ್ನು ಬದಿಗಿಟ್ಟು, ಪ್ರತಿ ಉಡುಪಿಗೂ ಒಂದೊಂದು ವಾಕ್ಯ ಬರೆದೆ: ಇದರಲ್ಲಿ ನೋಡುವವರಿಗೆ ಕಾಣಲೇಬೇಕಾದದ್ದು ಏನು? ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಈ ಕೊಂಡಿ ಬರುವ ಜಾಗವೇ ನನ್ನ ಉದ್ದ ಉಡುಪಿನಲ್ಲಿ ನಡುವಿನ ಮೇಲೆ ಕೂರುವಂತೆ ಕತ್ತರಿಸಿದ್ದೆ. ಆದ್ದರಿಂದ ಆ ಚಿತ್ರದಲ್ಲಿ ಮಾಡೆಲ್‌ನ ಕೈ ನಡುವಿನ ಮೇಲೆ ಬರಕೂಡದು, ಸೊಂಟಪಟ್ಟಿ ಕಟ್ಟಕೂಡದು ಎಂಬುದು ಆಗಲೇ ತೀರ್ಮಾನವಾಯಿತು. ಖಣ ಕಿರಿದಾದ ಪನ್ನದ (ಅಗಲದ) ಬಟ್ಟೆ, ಹಾಗಾಗಿ ಜಾಕೆಟ್ಟಿನಲ್ಲಿ ಹಲವು ಕಡೆ ಜೋಡಣೆಯ ಗೆರೆಗಳಿದ್ದವು. ಅವು ಬೆನ್ನಿನ ಮೇಲೆ ಚೆನ್ನಾಗಿ ಕೂಡಿ ಬಂದಿದ್ದರಿಂದ ಅದನ್ನು ಹಿಂದಿನಿಂದಲೇ ತೆಗೆಯಬೇಕೆಂದು ಬರೆದುಕೊಂಡೆ. ಹೀಗೆ ಹುಟ್ಟಿದ ಶಾಟ್ ಲಿಸ್ಟ್, ಅಂದರೆ ತೆಗೆಯಬೇಕಾದ ಚಿತ್ರಗಳ ಪಟ್ಟಿ, ಒಂದೇ ಹಾಳೆಯಲ್ಲಿ ಮುಗಿಯಿತು.

ಸ್ಥಳದ ವಿಷಯದಲ್ಲಿ ಬಾದಾಮಿಯ ಗುಹಾಲಯಗಳೇ ಮೊದಲು ಮನಸ್ಸಿಗೆ ಬಂದವು. ಆದರೆ ಅವು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡ್ ಇಟ್ಟು ಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು, ಜೊತೆಗೆ ಅಲ್ಲಿ ಉಡುಪು ಬದಲಿಸಲು ಜಾಗವಿಲ್ಲ. ಕೊನೆಗೆ ಬಾಗಲಕೋಟೆ ಜಿಲ್ಲೆಯಲ್ಲಿರುವ ನಮ್ಮ ಅಜ್ಜಿಯ ಮಾಳಿಗೆ ಮನೆಯನ್ನೇ ಆರಿಸಿಕೊಂಡೆ. ಒಂದು ವಾರ ಮೊದಲು ಹೋಗಿ, ಬೆಳಿಗ್ಗೆ 8, 11, ಮಧ್ಯಾಹ್ನ 3 ಮತ್ತು ಸಂಜೆ 5 ಗಂಟೆಗೆ ಪ್ರತಿ ಮೂಲೆಯನ್ನೂ ಫೋನಿನಲ್ಲಿ ತೆಗೆದುಕೊಂಡೆ. ಪಡಸಾಲೆಯ ಬೆಳಕಿಂಡಿಯಿಂದ 11ರ ಹೊತ್ತಿಗೆ ಒಂದು ಚೌಕ ಬಿಸಿಲು ನೆಲಕ್ಕೆ ಬಿದ್ದು, ಗಂಟೆಯೊಳಗೆ ಕಂಬದ ಬುಡಕ್ಕೆ ಸರಿಯುತ್ತದೆ ಎಂಬುದು ಬಾಲ್ಯದಲ್ಲಿ ಅಲ್ಲೇ ಆಡಿ ಬೆಳೆದ ನನಗೂ ಅಂದೇ ತಿಳಿದದ್ದು.

ಮಾಡೆಲ್ ಆಗಿ ಬಂದವಳು ನನ್ನ ಸಹಪಾಠಿ, ಕ್ಯಾಮೆರಾ ಹಿಡಿದವನು ಬೇರೆ ಕಾಲೇಜಿನಲ್ಲಿ ಛಾಯಾಗ್ರಹಣ ಓದುತ್ತಿದ್ದ ಗೆಳೆಯ. ಇಬ್ಬರಿಗೂ ಹಣ ಕೊಡಲು ನನ್ನಿಂದ ಆಗಲಿಲ್ಲ; ಪ್ರಯಾಣ, ಊಟ, ಬಾಡಿಗೆ ಲೆನ್ಸ್ ನನ್ನ ಖರ್ಚು, ಚಿತ್ರಗಳನ್ನು ಮೂವರೂ ಬಳಸಬಹುದು ಎಂದು ಮೊದಲೇ ಬರೆದು ಸಹಿ ಮಾಡಿಕೊಂಡೆವು. ಸ್ನೇಹಿತರ ನಡುವೆ ಇದು ಬೇಡವೆಂದು ಅನೇಕರು ಹೇಳುತ್ತಾರೆ, ಆದರೆ ಸ್ನೇಹ ಉಳಿಯಬೇಕಾದರೆ ಇದು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶೂಟಿಗೆ ಮೂರು ದಿನ ಮೊದಲು ಐದೂ ಉಡುಪುಗಳನ್ನು ಅವಳಿಗೆ ತೊಡಿಸಿ, ತುರುಬು, ಚಪ್ಪಲಿ, ಒಡವೆ ಸಮೇತ ಫೋಟೋ ತೆಗೆದು ಹಾಳೆಗೆ ಅಂಟಿಸಿದೆ. ಅಜ್ಜಿಯ ಬೋರಮಾಳ ಸರ, ಕಿವಿಯ ಬುಗುಡಿ, ಹಸಿರು ಬಳೆ ಎಲ್ಲವನ್ನೂ ಹಾಕಿ ನೋಡಿ, ಒಂದೊಂದಾಗಿ ತೆಗೆಯುತ್ತಾ ಬಂದೆ. ಕೆಂಪು ಸೆರಗಿನ ಮೇಲಿನ ಬಿಳಿ ತೋಪ್ ತೆನಿ ವಿನ್ಯಾಸವೇ ಕುತ್ತಿಗೆಯ ಹತ್ತಿರ ಅಷ್ಟು ಗಟ್ಟಿಯಾಗಿ ಕಾಣುತ್ತಿದ್ದಾಗ ಅದರ ಮೇಲೆ ಬೋರಮಾಳ ಭಾರವೆನಿಸಿತು. ಬುಗುಡಿ ಮಾತ್ರ ಉಳಿಯಿತು.

ಡಿಸೆಂಬರಿನ ಆ ದಿನ ಚೀಲದಲ್ಲಿ ಇಸ್ತ್ರಿ ಪೆಟ್ಟಿಗೆ, ಪಿನ್ನುಗಳು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಉಡುಪಿನ ಬಣ್ಣಗಳದೇ ದಾರ, ಎರಡು ಥರ್ಮಾಕೋಲ್ ಹಾಳೆ ಮತ್ತು ಹಳೆಯ ಕರಿ ಕಂಬಳಿ ಇದ್ದವು. ಸಡಿಲವಿದ್ದ ಉಡುಪನ್ನು ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡುವುದು ಎಲ್ಲರೂ ಮಾಡುವ ಕೆಲಸ, ಆದರೆ ಅದರಿಂದ ಮುಂದಿನ ಚೌಕಳಿಯ ಗೆರೆಗಳು ವಾರೆಯಾಗುತ್ತವೆಯೇ ಎಂದು ಪ್ರತಿ ಬಾರಿಯೂ ನೋಡಬೇಕು. ಒಂದು ಉಡುಪಿನಿಂದ ಇನ್ನೊಂದಕ್ಕೆ 20 ನಿಮಿಷ ಸಾಕೆಂದುಕೊಂಡಿದ್ದೆ, 40 ಹಿಡಿಯಿತು. ಬೆಳಕಿಂಡಿಯ ಬಿಸಿಲು ಯಾರಿಗೂ ಕಾಯುವುದಿಲ್ಲವಾದ್ದರಿಂದ ನಾಲ್ಕನೆಯ ಉಡುಪನ್ನು ಸಂಜೆಗೆ ಮುಂದೂಡಿದೆವು.

ಮೊದಲ ಚಿತ್ರಗಳಲ್ಲಿ ಕಣ್ಣುಗಳು ಸ್ಪಷ್ಟವಾಗಿದ್ದವು, ಬಟ್ಟೆ ಮಸುಕಾಗಿತ್ತು. ಲೆನ್ಸಿನ ಕಿಂಡಿಯನ್ನು ಎಫ್ 1.8ರಿಂದ 5.6ಕ್ಕೆ ಕಿರಿದು ಮಾಡಿದ ಮೇಲೆ ನೇಯ್ಗೆ ಕಾಣಿಸಿತು. ರೇಷ್ಮೆಯ ಕೆಂಪು ಕ್ಯಾಮೆರಾದಲ್ಲಿ ಒಂದೇ ಬಣ್ಣದ ಮುದ್ದೆಯಂತೆ ಬರುತ್ತಿತ್ತು. ಎಕ್ಸ್‌ಪೋಷರನ್ನು ಅರ್ಧ ಸ್ಟಾಪಿನಷ್ಟು ಇಳಿಸಿ ಬೆಳಕು ಸ್ವಲ್ಪ ಕಡಿಮೆ ಮಾಡಿದಾಗ ಎಳೆಗಳು ಬಿಡಿಬಿಡಿಯಾಗಿ ಕಂಡವು. ಸಣ್ಣ ಚೌಕಳಿಯ ಒಡಲಿನ ಮೇಲೆ ಅಲೆಯಂತಹ ಬಣ್ಣದ ಪಟ್ಟೆಗಳು ಮೂಡಿದಾಗ ನಾವು ಗಾಬರಿಯಾದೆವು, ಆದರೆ ಎರಡು ಹೆಜ್ಜೆ ಮುಂದೆ ಬಂದು ತೆಗೆದಾಗ ಅವು ಮಾಯವಾದವು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಪ್ಪು ಕುರ್ತಾ. ಬಾಗಿಲಿನ ಎದುರು ನಿಲ್ಲಿಸಿ, ಬೆಳಕು ಪ್ರತಿಫಲಿಸಲೆಂದು ಎರಡೂ ಕಡೆ ಥರ್ಮಾಕೋಲ್ ಹಿಡಿದು ತೆಗೆದ 30 ಚಿತ್ರಗಳಲ್ಲಿ ಕಸೂತಿಯ ತೇರು ಮತ್ತು ತುಳಸಿ ವೃಂದಾವನ ಅಚ್ಚು ಒತ್ತಿದ ಹಾಗೆ ಚಪ್ಪಟೆಯಾಗಿದ್ದವು. ಎಳೆ ಎಣಿಸಿ ತಿಂಗಳುಗಟ್ಟಲೆ ಕೂತು ಹಾಕಿದ ಹೊಲಿಗೆ ಹಾಗೆ ಕಂಡಾಗ ನನಗೆ ನಿಜವಾಗಿ ಅಳು ಬಂದಿತ್ತು. ಆಮೇಲೆ ಅವಳನ್ನು ಬಾಗಿಲಿಗೆ ಪಕ್ಕವಾಗಿ ತಿರುಗಿಸಿ, ಥರ್ಮಾಕೋಲ್ ತೆಗೆದು, ಬೆಳಕು ಬಾರದ ಬದಿಗೆ ಕರಿ ಕಂಬಳಿ ಹಿಡಿಸಿದೆ. ಬೆಳಕು ಬಟ್ಟೆಯ ಮೇಲೆ ವಾರೆಯಾಗಿ ಹರಿದು, ಪ್ರತಿ ಹೊಲಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ನೆರಳು ಬಿದ್ದಿತು, ಮತ್ತು ತೇರಿನ ಕಳಸ ಬಟ್ಟೆಯಿಂದ ಮೇಲೆದ್ದು ನಿಂತಿತು.

ಕಸೂತಿ ಕಲಿಸಿದ ನಮ್ಮ ಸೋದರತ್ತೆ ಸಂಜೆ ಬಂದವರೇ ಕುರ್ತಾವನ್ನು ಕೈಗೆತ್ತಿಕೊಂಡು, "ಮೊದಲ ಹಿಂದಿನ ಮಗ್ಗಲಾ ತೋರ್ಸವ್ವಾ" ಎಂದು ತೋಳನ್ನು ಒಳಮುಖ ಮಾಡಿದರು. ಗವಂತಿ ಮತ್ತು ಮುರಗಿ ಹೊಲಿಗೆಗಳಿಗೆ ಗಂಟು ಹಾಕುವುದಿಲ್ಲ, ಎರಡೂ ಬದಿ ಒಂದೇ ರೀತಿ ಕಾಣಬೇಕು. ಕಸೂತಿ ಬಲ್ಲವರು ಬಟ್ಟೆಯನ್ನು ಪರೀಕ್ಷಿಸುವುದೇ ಹಾಗೆ. ಶಾಟ್ ಲಿಸ್ಟಿನಲ್ಲಿ ಇಲ್ಲದಿದ್ದರೂ, ಸೂರ್ಯ ಮುಳುಗಲು ಇನ್ನೂ ಕಾಲು ಗಂಟೆ ಇದ್ದಾಗ, ಮಡಚಿದ ತೋಳಿನ ಒಳಬದಿಯನ್ನು ಹಿಡಿದ ಅತ್ತೆಯ ಕೈಗಳನ್ನು ತೆಗೆದೆವು. ಒಟ್ಟು 600ಕ್ಕೂ ಹೆಚ್ಚು ಚಿತ್ರಗಳಿಂದ ಹತ್ತನ್ನು ಆರಿಸುವಾಗ ಮುಖ ಕಾಣದ ಆ ಚಿತ್ರವನ್ನು ಬಿಡಲು ಕೆಲವರು ಹೇಳಿದರು. ನಾನು ಅದನ್ನೇ ಮೊದಲ ಪುಟದಲ್ಲಿಟ್ಟೆ.