ಕೆಡವದೆ ಉಳಿಸಿಕೊಂಡ ವಠಾರ: ನನ್ನ ಅನುಭವ

ಚಾಮರಾಜಪೇಟೆಯಲ್ಲಿ ನಮ್ಮ ತಾತ ಕಟ್ಟಿಸಿದ ವಠಾರ ಇದೆ. ನಡುವೆ ಓಣಿ, ಎರಡೂ ಕಡೆ ನಾಲ್ಕು ನಾಲ್ಕು ಮನೆ, ಹಿಂದೆ ಬಾವಿ. ಪ್ರತಿ ಮನೆಗೂ ಒಂದು ನಡುಮನೆ, ಒಂದು ಅಡುಗೆಮನೆ, ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ಇದನ್ನು ನೋಡಿಕೊಳ್ಳುವ ಜವಾಬ್ದಾರಿ ನನಗೆ ಬಂತು. ಅಷ್ಟರಲ್ಲಿ ಬಿಲ್ಡರ್‌ಗಳು ಬಂದು ಹೋಗಲು ಶುರು ಮಾಡಿದ್ದರು. ಕೆಡವಿ ಮಹಡಿ ಎಬ್ಬಿಸೋಣ, ಅರ್ಧ ಫ್ಲಾಟು ನಿಮಗೆ ಅನ್ನೋ ಮಾತು.

ನಾವು ಒಪ್ಪಲಿಲ್ಲ. ಅದಕ್ಕೆ ಕಾರಣ ಅಲ್ಲಿರುವ ಜನ. ಒಬ್ಬರು ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಮಾಡುತ್ತಾರೆ. ಬೆಳಗಿನ ಜಾವ ಬಸ್ಸು ಶುರುವಾಗೋ ಮೊದಲೇ ನಡೆದು ಹೋಗಬೇಕು. ಇನ್ನೊಬ್ಬರು ಆಸ್ಪತ್ರೆಯಲ್ಲಿ ಆಯಾ, ರಾತ್ರಿ ಪಾಳಿ. ಮತ್ತೊಂದು ಮನೆಯವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವರು. ಇವರು ಊರಾಚೆ ಹೋದರೆ ಬಾಡಿಗೆ ಕಡಿಮೆ ಆಗಬಹುದು, ಆದರೆ ಆ ಕೆಲಸವೇ ಉಳಿಯುವುದಿಲ್ಲ.

ಒಂದು ವಿಷಯ ನನಗೆ ಲೆಕ್ಕ ಹಾಕುತ್ತಾ ಹಾಕುತ್ತಾ ಸ್ಪಷ್ಟವಾಯಿತು. ಬೆಂಗಳೂರಿನ ನಡುವೆ ಕಡಿಮೆ ಬಾಡಿಗೆಗೆ ಮನೆ ಸಿಗುವುದು ಜಾಗದ ಸಾಲ ಎಂದೋ ತೀರಿದ ಹಳೇ ಕಟ್ಟಡದಲ್ಲಿ ಮಾತ್ರ. ಇವತ್ತು ಚಾಮರಾಜಪೇಟೆಯಲ್ಲಿ ಜಾಗ ಕೊಂಡು ಕಟ್ಟಿದವರು ಎಷ್ಟೇ ಒಳ್ಳೆಯವರಾದರೂ 8,000 ರೂಪಾಯಿಗೆ ಮನೆ ಕೊಡಲು ಆಗುವುದಿಲ್ಲ. ಹಾಗಾಗಿ ಒಂದು ವಠಾರ ಕೆಡವಿದರೆ ಆ ಬಾಡಿಗೆಯ ಮನೆಗಳು ಆ ರಸ್ತೆಗೆ ಮತ್ತೆ ಬರುವುದಿಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಕೂಲಿ ಕಾರ್ಮಿಕರು ಊರಿಗೆ ನಡೆದು ಹೋದ ಮೇಲೆ ಕೇಂದ್ರ ಸರ್ಕಾರ ಬಾಡಿಗೆ ಮನೆಗಳ ಯೋಜನೆ ತಂದಿತು. ಒಳ್ಳೆಯದೇ. ಆದರೆ ಅದು ಖಾಲಿ ಬಿದ್ದ ಸರ್ಕಾರಿ ಮನೆಗಳಿಗೆ, ಖಾಲಿ ಜಾಗದಲ್ಲಿ ಕಟ್ಟುವ ಹೊಸ ಸಮುಚ್ಚಯಗಳಿಗೆ. ಎಂಟು ಮನೆಯ ಹಳೇ ವಠಾರಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಇರಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಮನೆಯೊಳಗಿನ ಮಾತು ಮುಗಿಸಬೇಕಿತ್ತು. ನಾವು ಮೂವರು ಮಕ್ಕಳು. ಎಷ್ಟೋ ವಠಾರಗಳು ಬೀಳುವುದು ಮಳೆಗಲ್ಲ, ಪಾಲಿನ ಜಗಳಕ್ಕೆ. ಜಾಗಕ್ಕೆ ಕೋಟಿ ಬೆಲೆ ಇರುವಾಗ ಅಣ್ಣ, ತಂಗಿ ಪಾಲು ಕೊಂಡುಕೊಳ್ಳುವ ಶಕ್ತಿ ನನಗೆ ಎಲ್ಲಿಂದ ಬರಬೇಕು? ಅದಕ್ಕೆ ಆಸ್ತಿಯ ಖಾತೆಯನ್ನು ಮೂವರ ಹೆಸರಿಗೂ ಜಂಟಿಯಾಗಿ ಮಾಡಿಸಿದೆವು. ಹತ್ತು ವರ್ಷ ಯಾರೂ ಮಾರುವಂತಿಲ್ಲ, ಆಮೇಲೆ ಮಾರುವುದಾದರೂ ಮೊದಲು ಒಳಗಿನವರನ್ನು ಕೇಳಬೇಕು, ಉಳಿದ ಬಾಡಿಗೆ ಮೂರು ಪಾಲು. ಇಷ್ಟನ್ನು ವಕೀಲರ ಹತ್ತಿರ ಬರೆಸಿ ಮೂವರೂ ಸಹಿ ಹಾಕಿದೆವು. "ಅಪ್ಪ ಇದ್ದಿದ್ದರೆ ಇದನ್ನೇ ಮಾಡ್ತಿದ್ದರು" ಅಂತ ಅಣ್ಣ ಅಂದ. ಅವನ ಪಾಲಿಗೆ ಬಿಲ್ಡರ್ ಎಷ್ಟು ಕೊಡುತ್ತಿದ್ದ ಅಂತ ನನಗೆ ಗೊತ್ತಿತ್ತು. ಆ ಋಣ ದೊಡ್ಡದು.

ಆಮೇಲೆ ಸಾಲ. ಮೊದಲು ಹೋದ ಬ್ಯಾಂಕಿನವರು ಕಟ್ಟಡದ ವಯಸ್ಸು ಕೇಳಿಯೇ ಫೈಲು ವಾಪಸ್ ಕೊಟ್ಟರು. ಎರಡನೇ ಕಡೆ ಬಾಡಿಗೆ ಆದಾಯಕ್ಕೆ ದಾಖಲೆ ಕೇಳಿದರು. ಅಪ್ಪನ ಕಾಲದಿಂದ ಎಲ್ಲವೂ ಕೈಯಲ್ಲಿ, ಒಂದು ನೋಟ್‌ಬುಕ್‌ನಲ್ಲಿ. ಎಲ್ಲರಿಗೂ ಕರಾರು ಪತ್ರ ಮಾಡಿಸಿ, ಬಾಡಿಗೆಯನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಂಡು ಒಂದು ವರ್ಷ ಕಾದೆವು. ಆಮೇಲೆ 15 ಲಕ್ಷ ಸಿಕ್ಕಿತು, ಹತ್ತು ವರ್ಷದ ಅವಧಿಗೆ. ಕರಾರು ಪತ್ರದಿಂದ ಬಾಡಿಗೆಯವರಿಗೂ ಅನುಕೂಲವಾಯಿತು. ವಿಳಾಸದ ಪುರಾವೆ ಇಲ್ಲದೆ ಗ್ಯಾಸ್ ಕನೆಕ್ಷನ್‌ಗೆ ಅಲೆಯುತ್ತಿದ್ದವರು ಅದನ್ನು ಹಿಡಿದು ಹೋದರು.

ರಿಪೇರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ದುಡ್ಡು ಹೋಗುವುದು ಅಲ್ಲೇ. ನಮ್ಮದು ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಹಿಂದೆ ಯಾರೋ ಸೋರುವ ಕಡೆಯೆಲ್ಲ ಸಿಮೆಂಟ್ ಬಳಿದಿದ್ದರು. ಸುಣ್ಣದ ತಾರಸಿ ಬಿಸಿಲಿಗೆ ಸ್ವಲ್ಪ ಹಿಗ್ಗುತ್ತೆ, ಕುಗ್ಗುತ್ತೆ. ಸಿಮೆಂಟ್ ಬಿರುಸು, ಬಿರುಕು ಬಿಡುತ್ತೆ. ಆ ಬಿರುಕಲ್ಲಿ ನೀರು ಇಳಿದು ಒಳಗೇ ನಿಲ್ಲುತ್ತೆ. ಮೇಲೆ ನೋಡಿದರೆ ಸರಿ ಇದ್ದಂಗೆ ಕಾಣುತ್ತೆ, ಒಳಗೆ ಮರ ಕೊಳೆಯುತ್ತಿರುತ್ತೆ. ಮೇಸ್ತ್ರಿ ಒಂದೊಂದೇ ತೊಲೆಯನ್ನು ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು. ನಡುವೆ ಗಟ್ಟಿ ಸದ್ದು, ಗೋಡೆಯ ಹತ್ತಿರ ಬಂದಾಗ ಟೊಳ್ಳು ಸದ್ದು. "ಅಮ್ಮಾ, ತೊಲೆ ಚೆನ್ನಾಗೈತೆ, ಗೋಡೆಯೊಳಗಿನ ತುದಿ ಮಾತ್ರ ಹೋಗೈತೆ" ಅಂದರು. ಆ ಒಂದು ಮಾತಿನಿಂದ ಲಕ್ಷಗಟ್ಟಲೆ ಉಳಿಯಿತು. ಇಡೀ ತಾರಸಿ ತೆಗೆಯಲಿಲ್ಲ. ಕೆಳಗೆ ಆಸರೆ ಕೊಟ್ಟು, ಕೊಳೆತ ತುದಿ ಕತ್ತರಿಸಿ, ಗೋಡೆಯ ಪಕ್ಕಕ್ಕೆ ಅಡ್ಡಲಾಗಿ ಕಬ್ಬಿಣದ ಗರ್ಡರ್ ಕೂರಿಸಿ, ತೊಲೆಗಳನ್ನು ಅದರ ಮೇಲೆ ಇಳಿಸಿದೆವು. ಮೇಲಿನ ಸಿಮೆಂಟ್ ಕಿತ್ತು ಮತ್ತೆ ಸುಣ್ಣದ ಗಾರೆ ಹಾಕಿಸಿದೆವು. ಈಗ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಸಿಗುವುದು ಕಷ್ಟ. ಸಿಕ್ಕರೆ ಬಿಡಬೇಡಿ, ಕೂಲಿ ಜಾಸ್ತಿ ಕೇಳಿದರೂ ಕೊಡಿ.

ರಿಪೇರಿ ನೆಪದಲ್ಲಿ ಯಾರನ್ನೂ ಖಾಲಿ ಮಾಡಿಸಬಾರದು ಅನ್ನೋದು ನಮ್ಮ ಮೊದಲ ನಿಯಮ. ಒಮ್ಮೆ ಹೊರಗೆ ಹೋದವರು ವಾಪಸ್ ಬರುವುದು ಅಪರೂಪ. ಹಾಗಾಗಿ ಒಂದು ಮನೆ ತಾನಾಗಿ ಖಾಲಿಯಾಗುವವರೆಗೆ ಕಾದು, ಅದನ್ನು ಮೊದಲು ಸರಿ ಮಾಡಿಸಿದೆವು. ಆಮೇಲೆ ಪಕ್ಕದವರು ಅದಕ್ಕೆ ಬಂದರು, ಅವರ ಮನೆ ಕೆಲಸ ಶುರುವಾಯಿತು. ಹೀಗೇ ಸರದಿ. ಒಂದು ಮನೆಯ ಬಾಡಿಗೆ ಅಷ್ಟು ಕಾಲ ಬರಲಿಲ್ಲ. ಅದನ್ನು ರಿಪೇರಿ ಖರ್ಚಿಗೇ ಸೇರಿಸಿಕೊಂಡೆವು. ಹಿಂದೆ ಇದ್ದ ಸಾಮೂಹಿಕ ಪಾಯಿಖಾನೆ ತೆಗೆದು, ಎರಡು ಮನೆಗೆ ಒಂದರಂತೆ ಕಟ್ಟಿಸಿ ಬೀಗದ ಕೈ ಕೊಟ್ಟೆವು. ಹೆಣ್ಣುಮಕ್ಕಳು ತುಂಬಾ ಸಂತೋಷಪಟ್ಟಿದ್ದು ಇದಕ್ಕೆ.

ಕರೆಂಟಿನದ್ದೂ ಹೇಳಬೇಕು. ಮೊದಲು ಒಂದೇ ಮೀಟರ್, ಬಿಲ್ಲನ್ನು ಹಂಚಿಕೊಳ್ಳುತ್ತಿದ್ದರು. 2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದಾಗ ಅದರ ಲಾಭ ಬಾಡಿಗೆಯವರಿಗೂ ಇತ್ತು, ಆದರೆ ಲೆಕ್ಕ ಆರ್‌ಆರ್ ನಂಬರ್ ಮೇಲೆ, ಅಂದರೆ ಒಂದೊಂದು ಮೀಟರಿನ ಸಂಪರ್ಕ ಸಂಖ್ಯೆಯ ಮೇಲೆ. ಎಂಟು ಸಂಸಾರ ಒಂದು ಮೀಟರಲ್ಲಿ ಇದ್ದರೆ ಯಾರಿಗೂ ಸರಿಯಾಗಿ ದಕ್ಕುವುದಿಲ್ಲ. ಎಲ್ಲರಿಗೂ ಬೇರೆ ಬೇರೆ ಮೀಟರ್ ಹಾಕಿಸಿದೆವು. ಮಾಲೀಕರಿಗೆ ಇದರಿಂದ ಒಂದು ಪೈಸೆ ಬರುವುದಿಲ್ಲ, ನಿಜ. ಆದರೆ ತಿಂಗಳಿಗೆ ಕರೆಂಟ್ ಬಿಲ್ಲಿನ ದುಡ್ಡು ಉಳಿತಾಯವಾಗುವ ಮನೆಯಿಂದ ಬಾಡಿಗೆ ತಡವಾಗುವುದು ಕಡಿಮೆ.

ಈಗ ಬಾಡಿಗೆ. ಮೊದಲು 6,500 ಇತ್ತು. ರಿಪೇರಿ ಆದ ಮೇಲೆ 8,000 ಮಾಡಿದೆವು. ವರ್ಷಕ್ಕೆ ನೂರಕ್ಕೆ 5 ಏರಿಕೆ, ಕರಾರಿನಲ್ಲೇ ಬರೆದಿದೆ. ನಮ್ಮ ರಸ್ತೆಯಲ್ಲಿ ಇಂಥದ್ದಕ್ಕೆ 13,000 ಕೇಳುವವರಿದ್ದಾರೆ. ಬಾಡಿಗೆಯನ್ನು ಏರಿಸದೇ ಇರುವುದು ದೊಡ್ಡತನ ಅಂತ ನಾನು ನಂಬುವುದಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದ ಕಾಲದಲ್ಲಿ ಎಷ್ಟೋ ಮನೆಗಳ ಬಾಡಿಗೆ ಹಾಗೇ ನಿಂತುಬಿಟ್ಟಿತ್ತು. ಮಾಲೀಕರು ಸುಣ್ಣ ಬಳಿಸುವುದನ್ನೂ ನಿಲ್ಲಿಸಿದರು. ಮನೆ ಬಿದ್ದರೆ ಬಾಡಿಗೆಯವರು ಹೋಗ್ತಾರೆ ಅಂತ ಕಾದವರೂ ಇದ್ದರು. ಬಾಡಿಗೆ ಮನೆಯನ್ನು ನಿಲ್ಲಿಸುವಷ್ಟು ಇರಬೇಕು, ಮನುಷ್ಯರನ್ನು ಓಡಿಸುವಷ್ಟು ಇರಬಾರದು.

ನಮ್ಮ ತಿಂಗಳ ಲೆಕ್ಕ ಹೀಗಿದೆ. ಎಂಟು ಮನೆಯಿಂದ 64,000. ಅದರಲ್ಲಿ ಕಾಲು ಭಾಗ, ಅಂದರೆ 16,000, ರಿಪೇರಿಗೆ ಅಂತಲೇ ತೆರೆದ ಖಾತೆಗೆ ಹೋಗುತ್ತೆ. ಅದನ್ನು ಮದುವೆ ಬಂದರೂ ಮುಟ್ಟುವಂತಿಲ್ಲ. ಸಾಲದ ಕಂತು ಸುಮಾರು 20,000. ಉಳಿದದ್ದರಲ್ಲಿ ಕಂದಾಯ, ನೀರು, ಸಂಪಿನ ಮೋಟರ್, ಆಮೇಲೆ ಮೂರು ಪಾಲು. ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕೆ ನೂರಕ್ಕೆ 30 ನೇರ ವಿನಾಯಿತಿ ಇದೆ, ರಿಪೇರಿ ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಾಡಿಗೆಯನ್ನು ಮುಚ್ಚಿಡುವವರಿಗೆ ಈ ಎರಡೂ ಸಿಗುವುದಿಲ್ಲ.

ಅಡ್ವಾನ್ಸ್ ಬಗ್ಗೆ ನನಗೆ ಮೊದಲಿಂದಲೂ ಬೇಸರ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ವಾಡಿಕೆಯಾಗಿತ್ತು. ಬಡವರು ಅದಕ್ಕಾಗಿ ಚೀಟಿ ಎತ್ತುತ್ತಾರೆ, ಒಡವೆ ಅಡವಿಡುತ್ತಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತೆ. ರಾಜ್ಯಗಳು ಒಪ್ಪಿ ಕಾಯ್ದೆ ಮಾಡಿದರೆ ಮಾತ್ರ ಅದು ನಡೆಯುವುದು. ನಾವು ಕಾಯಲಿಲ್ಲ, ಎರಡು ತಿಂಗಳಿಗೆ ಇಳಿಸಿದೆವು. ಆ ದುಡ್ಡು ಫಿಕ್ಸೆಡ್ ಡೆಪಾಸಿಟ್‌ನಲ್ಲಿದೆ. ಅದು ಅವರದ್ದು, ನಮ್ಮದಲ್ಲ ಅಲ್ವಾ?

ಇದೇ ಕ್ರಮವನ್ನು ಆಮೇಲೆ ತುಮಕೂರು ಕಡೆಯ ನಮ್ಮ ಹಳ್ಳಿಯ ಹೆಂಚಿನ ಮನೆಗೂ ಮಾಡಿದೆವು. ಹಳ್ಳಿಯಲ್ಲಿ ಬೀಗ ಹಾಕಿದ ಮನೆ ಬೇಕಾದಷ್ಟಿವೆ, ಬಾಡಿಗೆಗೆ ಮಾತ್ರ ಸಿಗುವುದಿಲ್ಲ. ಕೊಟ್ಟರೆ ಬಿಡುವುದಿಲ್ಲ ಅನ್ನೋ ಭಯ. ಹಾಗಾಗಿ ಆರೋಗ್ಯ ಕೇಂದ್ರದ ನರ್ಸ್, ಶಾಲೆಯ ಮೇಡಂ ದಿನಾ ಪೇಟೆಯಿಂದ ಓಡಾಡುತ್ತಾರೆ. ನಾವು ಒಡೆದ ಹೆಂಚು ಬದಲಿಸಿ, ಬಚ್ಚಲು ಕಟ್ಟಿಸಿ ನರ್ಸ್ ಒಬ್ಬರಿಗೆ ಕೊಟ್ಟೆವು. ಅಲ್ಲಿ ಸಾಲ ಸಿಗಲಿಲ್ಲ, ವಠಾರದ ರಿಪೇರಿ ಖಾತೆಯಿಂದಲೇ ಕೈಗಡ ತೆಗೆದು ಬಾಡಿಗೆಯಲ್ಲಿ ತೀರಿಸುತ್ತಿದ್ದೇವೆ.

ಈಗ ಪಕ್ಕದ ರಸ್ತೆಯ ವಠಾರದವರು ವಿಚಾರಿಸಿಕೊಂಡು ಬಂದಿದ್ದಾರೆ. ಅಣ್ಣತಮ್ಮಂದಿರೆಲ್ಲ ಒಟ್ಟಿಗೇ ಬನ್ನಿ, ಖಾತೆ ಪತ್ರ ಮತ್ತು ಹಳೇ ಕಂದಾಯದ ರಸೀದಿ ತನ್ನಿ ಅಂದಿದ್ದೇನೆ. ಮೇಸ್ತ್ರಿಯವರಿಗೂ ಹೇಳಿಟ್ಟಿದ್ದೇನೆ. ಮಳೆ ಶುರುವಾಗುವ ಮೊದಲು ಅವರ ತೊಲೆಗಳನ್ನು ತಟ್ಟಿ ನೋಡಬೇಕು.