ಚಾಲಿ ನೀರಲ್ಲಿ ನಾಲಿಗೆ ಹದ ಮಾಡಿಕೊಂಡು ಬೋರ್ಡೋ ಅಳೆದದ್ದು

ಶಿರಸಿ ಕಡೆ ಬೋರ್ಡೋ ಅಂದರೆ ಅಡಿಕೆ ಕೊಳೆಗೆ ಹೊಡೆಯೋ ಮೈಲುತುತ್ತ-ಸುಣ್ಣದ ಔಷಧಿ. ನಾನು ಫ್ರಾನ್ಸಿನ ಬೋರ್ಡೋ ಸೀಮೆಯ ವೈನ್ ರುಚಿ ನೋಡಿ ದರ್ಜೆ ಹೇಳ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಗೋವಾದ ಹೋಟೆಲಲ್ಲಿ ವೈನ್ ನೋಡಿಕೊಳ್ಳುವ ಭಾವನಂತೂ ನೇರವಾಗಿ ಕೇಳಿದ್ದ: “ಕವಳ (ಎಲೆಯಡಿಕೆ) ಹಾಕೋ ಬಾಯಿಗೆ ಒಗರಿನ ಲೆಕ್ಕ ಎಂತ ಗೊತ್ತಾಗ್ತು ಮಾರಾಯಾ?” ಈ ಮಳೆಗಾಲದಲ್ಲಿ ಅವನೇ ಆರಿಸಿ ಪೇಪರ್ ಸುತ್ತಿಟ್ಟ ಮೂರು ಬಾಟಲಿಯನ್ನೂ ಸರಿಯಾಗಿ ಹೇಳಿದೆ.

ಮೊದಲು ದುಡ್ಡು ಹೋದದ್ದು ವೈನಿನ ವಾಸನೆ ಗುರುತಿಸೋದು ಕಲಿಯೋ ಶೀಶೆಗಳ ಪೆಟ್ಟಿಗೆಗೆ, ಹತ್ತು ಸಾವಿರದ ಆಸುಪಾಸು. ಬ್ಲ್ಯಾಕ್‌ಕರಂಟ್, ವಯೊಲೆಟ್ ಅಂತೆಲ್ಲ ಚೀಟಿ. ಜನ್ಮದಲ್ಲಿ ನೋಡದ ಹಣ್ಣನ್ನು ಮೂಗು ನೆನಪಿಟ್ಟುಕೊಳ್ಳೋದು ಹೇಗೆ? ಆಮೇಲೆ ಬಾಟಲಿ ಮೇಲೆ ಬಾಟಲಿ, ಒಂದೊಂದಕ್ಕೆ ಎರಡು-ಮೂರು ಸಾವಿರ. ಮೇ ತಿಂಗಳಲ್ಲಿ ಬೆಂಗಳೂರಿಂದ ಕಾರಿನ ಡಿಕ್ಕಿಯಲ್ಲಿ ಬಂದ ಒಂದರ ಬಿರಡೆ ಮೇಲೆದ್ದಿತ್ತು. ತೆಗೆದರೆ ಕುದಿಸಿದ ಜಾಮಿನ ವಾಸನೆ. ಸೀದಾ ತೆಂಗಿನ ಬುಡಕ್ಕೆ ಹೋಯಿತು.

ಕೊನೆಗೆ ಕೈಹಿಡಿದದ್ದು ನಮ್ಮ ಅಟ್ಟದ ಸರಕೇ. ಚಾಲಿ, ಅಂದರೆ ಹಣ್ಣಾದ ಮೇಲೆ ಒಣಗಿಸಿ ಸುಲಿದ ಅಡಿಕೆ, ಅದನ್ನು ಕುಟ್ಟಿ, ನೀರಲ್ಲಿ ನೆನೆಸಿ ತೆಳು, ಮಧ್ಯಮ, ಗಟ್ಟಿ ಅಂತ ಮೂರು ಲೋಟ. ಹುಳಿ ಅಳೆಯೋದಕ್ಕೆ ಮುರುಗಲು (ಕೋಕಂ) ನೀರು, ಉಪ್ಪು-ಸಕ್ಕರೆ ಹಾಕದ್ದು, ಅದೂ ಮೂರು. ಗುಟುಕು ಬಾಯಲ್ಲಿ ಆಡಿಸಿ ಉಗುಳಬೇಕು, ನುಂಗಬಾರದು. ನಡುವೆ ಸಪ್ಪೆ ಗಂಜಿ ತಿಳಿ. ಆಮೇಲೆ ವೈನ್. ಒಗರು ಎಷ್ಟನೇ ಲೋಟದ್ದು, ಹುಳಿ ಎಷ್ಟನೇದು ಅಂತ ಬರೆದಿಡೋದು. ಎಷ್ಟು ನೀರಿಗೆ ಎಷ್ಟು ಅಡಿಕೆ, ಎಷ್ಟು ಹೊತ್ತು ನೆನೆಸೋದು ಅನ್ನೋದು ನನ್ನ ಹತ್ತಿರವೇ ಇರಲಿ. ಹಿಂದಿನ ದಿನದಿಂದ ಕವಳ ಬಂದ್, ಇದು ಕಡ್ಡಾಯ. ಬಾಟಲಿಯನ್ನು ಫ್ರಿಜ್ಜಲ್ಲಿಟ್ಟು 16-18 ಡಿಗ್ರಿಗೆ ತನ್ನಿ. ನಮ್ಮ ಸೆಕೆಯಲ್ಲಿ ಹಾಗೇ ಸುರಿದರೆ ಮೂಗಿಗೆ ಬರೀ ಸ್ಪಿರಿಟ್ಟು.

ಭಾವನ ಮೊದಲ ಬಾಟಲಿಯ ಒಗರು ಗಟ್ಟಿ ಲೋಟದ್ದೇ. ವಸಡಿಗೆ ಹಿಡಿಯಿತು, ಆದರೆ ನಯವಾಗಿ. ಹಿಂದೆಯೇ ಪೆನ್ಸಿಲ್ ಕೆತ್ತಿದ ವಾಸನೆ, ಕವಳದ ಸಂಚಿಯ ತಂಬಾಕು. ಕ್ಯಾಬರ್ನೆ ದ್ರಾಕ್ಷಿ ಜಾಸ್ತಿ, ಬೋರ್ಡೋ ನದಿಯ ಎಡದಂಡೆ, ಅಲ್ಲಿನ ಮೆಡೋಕ್ ಸೀಮೆಯದು ಅಂದೆ. ಎರಡನೆಯದು ಮಧ್ಯಮ ಲೋಟ, ಮೆತ್ತಗೆ, ಹಣ್ಣು ಮುಂದೆ. ಮೆರ್ಲೋ ದ್ರಾಕ್ಷಿ ಹೆಚ್ಚಿರುವ ಬಲದಂಡೆಯದು. ಮೂರನೆಯದರಲ್ಲಿ ಹಸಿ ದೊಣ್ಣೆಮೆಣಸಿನ ವಾಸನೆ. ಹಣ್ಣಿನ ರುಚಿ ಹೋದಮೇಲೂ ಒಗರು ಒಣಗಿಕೊಂಡು ಕೂತಿತ್ತು. ದ್ರಾಕ್ಷಿ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದ ಅಗ್ಗದ ಕ್ಯಾಬರ್ನೆ. ನಾನು ದರ್ಜೆ ಕಟ್ಟೋದು ಅಲ್ಲೇ, ಕೊನೆಗೆ ಬಾಯಲ್ಲಿ ಹಣ್ಣು ಉಳಿಯುತ್ತೋ, ಒಗರು ಉಳಿಯುತ್ತೋ ಅಂತ. ಭಾವ ಪೇಪರ್ ಬಿಚ್ಚಿ ಮೂರೂ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದ, ಮಾತಿಲ್ಲ.

ಸುಮ್ನೆ ಇರಲಾರದೆ ಕಾರವಾರದಲ್ಲಿ ಒಬ್ಬ ಸ್ನೇಹಿತ ಮೆಡೋಕನ್ನು ಬಾಂಗ್ಡೆ ಫ್ರೈ ಜೊತೆ ಕುಡಿದು ನೋಡಿದ. ಬಾಯೆಲ್ಲ ತುಕ್ಕು ಕಬ್ಬಿಣ ಅಂದ. ವೈನಿನ ಕಬ್ಬಿಣದ ಅಂಶ ಮೀನೆಣ್ಣೆಗೆ ತಾಗಿದರೆ ಹಾಗೇ ಅಲ್ವಾ. ನನ್ನ ಚೀಸ್ ತುಂಡಿನ ಜೊತೆ ಅದೇ ವೈನಿನ ಒಗರು ಒಂದು ಲೋಟ ಕೆಳಗಿಳಿಯಿತು.