ಟೊರ್ನಾಡೋ ನೋಡ್ಲಿಕ್ಕೆ ಟೂರಿಗೆ ಹೋಗುವವರು ಇದನ್ನು ಓದಿ

ನಮ್ಮ ಕಾಸರಗೋಡು ಕಡೆಯಿಂದ ಮಕ್ಕಳ ಮನೆಗೆ ಅಂತ ಅಮೇರಿಕಕ್ಕೆ ಹೋಗುವವರು ಈಗ ತುಂಬಾ ಜನ ಉಂಟು, ಅಷ್ಟು ದೂರ ಹೋದ್ಮೇಲೆ ಟೊರ್ನಾಡೋ, ಅಂದ್ರೆ ಮೋಡದಿಂದ ನೆಲಕ್ಕೆ ಇಳಿಯುವ ಸುಂಟರಗಾಳಿ, ಅದನ್ನು ತೋರಿಸುವ ಟೂರ್ ಒಂದು ಮಾಡಿಯೇ ಬನ್ನಿ. ಸೀಸನ್ ಏಪ್ರಿಲಿಂದ ಜೂನ್, ಮೇ ಬೆಸ್ಟ್. ತೋಟ ಇರುವವರು ಮೇ ಶುರುವಿಗೇ ಬುಕ್ ಮಾಡಿ, ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡ್ಲಿಕ್ಕೆ ಊರಲ್ಲಿ ಇರ್ಬೇಕಲ್ಲ.

ಹೆಚ್ಚಿನ ಟೂರುಗಳು ಒಕ್ಲಹೋಮ ಸಿಟಿ ಇಲ್ಲಾ ಡೆನ್ವರಿಂದ ಹೊರಡ್ತವೆ. ಟೊರ್ನಾಡೋ ಕಾಣ್ತದೆ ಅಂತ ಗ್ಯಾರಂಟಿ ಯಾರೂ ಕೊಡ್ಲಿಕ್ಕಾಗುದಿಲ್ಲ, ಹಾಗೆ ಕೊಡುವವರನ್ನು ನಂಬ್ಬೇಡಿ. ನೀವು ಕೇಳ್ಬೇಕಾದ್ದು ಎಷ್ಟು ದೂರ ನಿಲ್ಲಿಸ್ತೀರಿ, ತಪ್ಪಿಸ್ಕೊಳ್ಳುವ ರೋಡ್ ಮೊದಲೇ ನೋಡಿಡ್ತೀರಾ ಅಂತ. 2013ರ ಮೇ 31ಕ್ಕೆ ಒಕ್ಲಹೋಮದ ಎಲ್ ರೀನೋ ಊರಿನ ಹತ್ರ ಬಂದ ಟೊರ್ನಾಡೋ 4 ಕಿ.ಮೀ.ಗಿಂತಲೂ ಅಗಲ ಇತ್ತು, ಒಮ್ಮೆಲೇ ದಿಕ್ಕು ಬದಲಿಸಿತು, ಟೊರ್ನಾಡೋ ಬೆನ್ನು ಹತ್ತಿ ಅಧ್ಯಯನ ಮಾಡ್ತಿದ್ದ, ವರ್ಷಗಟ್ಟಲೆ ಅನುಭವ ಇದ್ದ ಟಿಮ್ ಸಮಾರಾಸ್ ಅಂಥವರೇ ಅದ್ರಲ್ಲಿ ತೀರಿಹೋದ್ರು.

ಬೆಳಿಗ್ಗೆ ಗೈಡ್, ಒಕ್ಲಹೋಮದ ನಾರ್ಮನ್ ಊರಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ (ಬಿರುಗಾಳಿ ಮುನ್ಸೂಚನೆ ಕೊಡುವ ಸರಕಾರಿ ಕೇಂದ್ರ) ಕೊಡುವ ಮ್ಯಾಪ್ ನೋಡಿ ಜಾಗ ಹೇಳ್ತಾರೆ, ಮತ್ತೆ ನೂರಾರು ಕಿಲೋಮೀಟರ್ ವ್ಯಾನಲ್ಲೇ ಕೂತುಕೊಳ್ಳುದು, ತಿಂಡಿ ನೀರು ಕೈಯಲ್ಲೇ ಇರ್ಲಿ.

ಟೊರ್ನಾಡೋ ಹುಟ್ಟಿಸುವ ಗುಡುಗು ಮೋಡಗಳು ಸಾಮಾನ್ಯವಾಗಿ ಈಶಾನ್ಯಕ್ಕೆ ಹೋಗುದು, ಮಳೆ ಆಲಿಕಲ್ಲು ಆ ಕಡೆಗೇ ಜಾಸ್ತಿ, ಅದಕ್ಕೆ ವ್ಯಾನ್ ಆಗ್ನೇಯ ಬದಿಗೆ ನಿಲ್ಲಿಸ್ತಾರೆ, ನೀವು ವಾಯವ್ಯಕ್ಕೆ ಮುಖ ಮಾಡಿ ನಿಲ್ಬೇಕು. ಬೆನ್ನ ಹಿಂದಿಂದ ಬಿಸಿ ಗಾಳಿ ಮೋಡದ ಕಡೆಗೆ ಓಡ್ತಾ ಇರ್ತದೆ, ಹುಲ್ಲೆಲ್ಲ ಅತ್ಲಾಗೆ ಬಾಗಿರ್ತದೆ, ನಮ್ಮಲ್ಲಿ ಮಳೆಗಾಲಕ್ಕೆ ಮುಂಚಿನ ಸೆಕೆಯ ಹಾಗೆಯೇ ಮೈಗೆ ಅಂಟುವ ಗಾಳಿ ಅದು. ಮೋಡದ ಅಡಿಯಲ್ಲಿ ಇನ್ನೂ ಕೆಳಗೆ ಇಳಿದ ಒಂದು ತುಂಡು ತಿರುಗ್ತಾ ಉಂಟಾ ನೋಡಿ. ಎಲ್ರೂ ಮೇಲೆ, ಅಲ್ಲಿಂದ ಸೊಂಡಿಲಿನ ಹಾಗೆ ಇಳಿಯುವ ಮೋಡವನ್ನೇ ನೋಡುದು, ನೀವು ಅದರ ಸರೀ ಕೆಳಗೆ ನೆಲ ನೋಡಿ, ಸೊಂಡಿಲು ಅರ್ಧಕ್ಕೆ ಇಳಿದಿರುವಾಗ್ಲೇ ಒಕ್ಲಹೋಮದ ಕೆಂಪು ಮಣ್ಣು ಸುತ್ತಿಕೊಂಡು ಏಳ್ತದೆ, ಆಗ್ಲೇ ಅದು ನೆಲ ಮುಟ್ಟಿ ಆಯ್ತು.

ಟೊರ್ನಾಡೋ ಎಡಕ್ಕೋ ಬಲಕ್ಕೋ ಸರೀತಾ ಇದ್ರೆ ನೋಡ್ತಾ ಇರಿ. ನಿಂತಲ್ಲೇ ನಿಂತ ಹಾಗೆ ಕಂಡು ದೊಡ್ಡದಾಗ್ತಾ ಬಂದ್ರೆ ನಿಮ್ಮತ್ರವೇ ಬರ್ತಾ ಉಂಟು ಅಂತ ಲೆಕ್ಕ. ಎದುರಿಂದ ತಣ್ಣಗೆ ಗಾಳಿ ಬೀಸಿದ್ರೆ, ಸಿಡಿಲು ಹತ್ತಿರ ಹೊಡೆದ್ರೆ, ಗೈಡ್ ಕರೆಯುವವರೆಗೆ ಕಾಯ್ಬೇಡಿ, ವ್ಯಾನ್ ಹತ್ತಿ, ತಂತಿಬೇಲಿ ಹತ್ರವೂ ನಿಲ್ಬೇಡಿ. ಫ್ಲೈಓವರ್ ಅಡಿ ಸೇಫ್ ಅಂತ ಹೇಳುದು ಶುದ್ಧ ಸುಳ್ಳು, ಅಲ್ಲಿ ಗಾಳಿ ಇನ್ನೂ ಜೋರು.

ಟೊರ್ನಾಡೋ ಅಲ್ಲಿನ ಯಾವುದಾದ್ರೂ ಊರಿನ ಕಡೆಗೆ ಹೋಗ್ತಾ ಇದ್ರೆ ದಯವಿಟ್ಟು ಬೊಬ್ಬೆ ಹಾಕಿ ಖುಷಿ ಪಡ್ಬೇಡಿ, ಒಂದೇ ಗಾಳಿಗೆ ತೋಟ ಮಲಗಿದ್ದನ್ನು ಕಂಡವರು ನಾವು, ಅಲ್ಲಿ ಹೋಗುದು ಇಡೀ ಮನೆ. ಕತ್ತಲಾದ ಮೇಲೂ ಬೆನ್ನು ಹತ್ತುವ ಟೂರಿಗೆ ಮಾತ್ರ ದುಡ್ಡು ಕಟ್ಲೇಬೇಡಿ.